ಅಲುಗಿದ ಸೂಜಿ

ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಕಸಬರಿಗೆ ಮುಟ್ಟದ ವಾರ ಬರುತ್ತಿತ್ತು. ಅಪ್ಪ ಸುರ್ಮಾ ಅರೆಯಲು ಕೂತ ವಾರ ಅದು. ಸುರ್ಮಾ ಅಂದರೆ ಕಣ್ಣಿಗೆ ಹಚ್ಚುವ ಕರಿ ಪುಡಿ. ಹೊಳಪಿನ ಕಪ್ಪು ಕಲ್ಲೊಂದನ್ನು ಏಳು ದಿನ ಗುಲಾಬಿ ನೀರಿನಲ್ಲಿ ಅರೆದು, ಮಲ್ಮಲ್ ಬಟ್ಟೆಯಲ್ಲಿ ಸೋಸಿ, ಒಣಗಿಸಿ ಮಾಡುವಂಥದ್ದು. ಆ ಏಳು ದಿನ ಮನೆಯಲ್ಲಿ ಧೂಳು ಏಳಬಾರದು. ಅವ್ವ ಕಸ ಗುಡಿಸುವ ಬದಲು ಒದ್ದೆ ಅರಿವೆಯಿಂದ ನೆಲ ಒರೆಸುತ್ತಿದ್ದಳು. ಖಾರ ಕುಟ್ಟುವಂತಿಲ್ಲ, ಜೋಳ ಕೇರುವಂತಿಲ್ಲ, ರೊಟ್ಟಿ ಬಡಿಯುವುದೂ ಹಿತ್ತಲಿನಲ್ಲೇ. ಬಾಗೇವಾಡಿಯ ನಮ್ಮದು ಮಣ್ಣಿನ ಮಾಳಿಗೆ ಮನೆ. ಮೇಲೆ ಬೆಕ್ಕು ಓಡಾಡಿದರೂ ಜಂತಿಯ ಸಂದಿನಿಂದ ಮಣ್ಣು ಉದುರುತ್ತಿತ್ತು. ಅದಕ್ಕೆ ಪಡಸಾಲೆಯ ಒಂದು ಮೂಲೆಯಲ್ಲಿ ಅವ್ವನ ಹಳೆಯ ಸೀರೆಯನ್ನು ಅಡ್ಡಕ್ಕೆ ಕಟ್ಟಿ, ಅದರ ಕೆಳಗೆ ಅರೆಯುವ ಕಲ್ಲಿನ ಖಲಬತ್ತ ಇಟ್ಟುಕೊಂಡು ಅಪ್ಪ ಕೂರುತ್ತಿದ್ದ. ಬೆಳಗಿನ ನಮಾಜು ಮುಗಿಸಿ ಕೂತರೆ ಮಧ್ಯಾಹ್ನದ ಊಟದವರೆಗೆ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಅರೆಯುವ ಆ ಗರಗರ ಸದ್ದು ಕೇಳುತ್ತ ನಾನು ಶೇಂಗಾ ಚಟ್ನಿಯಲ್ಲಿ ರೊಟ್ಟಿ ತಿನ್ನುತ್ತಿದ್ದೆ. ಈಗಲೂ ಎಲ್ಲಾದರೂ ಕಲ್ಲಿನ ಮೇಲೆ ಕಲ್ಲು ತಿಕ್ಕಿದ ಸದ್ದು ಕೇಳಿದರೆ ನನಗೆ ಶೇಂಗಾದ ವಾಸನೆ ಬರುತ್ತದೆ.

ಏಳನೆಯ ದಿನ ಪುಡಿ ಒಣಗಿದ ಮೇಲೆ ಅಪ್ಪ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ಉಜ್ಜಿ ನೋಡುತ್ತಿದ್ದ. ಬೆರಳಿಗೆ ಹರಳು ಸಿಕ್ಕರೆ ಮತ್ತೆ ಅರೆಯುವುದು. ನುಣುಪಾಯಿತು ಅನ್ನಿಸಿದರೆ ಶುಕ್ರವಾರದ ತನಕ ಮುಚ್ಚಿಟ್ಟು, ಆ ದಿನ ಜಳಕ ಮಾಡಿ, ಸಲಾಯಿ ಎನ್ನುವ ತೆಳ್ಳನೆಯ ಹಿತ್ತಾಳೆ ಕಡ್ಡಿಯನ್ನು ಪುಡಿಯಲ್ಲಿ ಅದ್ದಿ, ಮೊದಲು ತನ್ನ ಬಲಗಣ್ಣಿಗೆ ಎಳೆದುಕೊಳ್ಳುತ್ತಿದ್ದ. ಅಪ್ಪನ ಅಪ್ಪನೂ ಹಾಗೆಯೇ ಮಾಡುತ್ತಿದ್ದನಂತೆ. ಮಾರುವವನ ಕಣ್ಣಿಗೆ ಹೋಗದ ಸುರ್ಮಾ ಕೊಳ್ಳುವವನ ಕಣ್ಣಿಗೆ ಹೋಗಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಮೂರು ದಿನ ಕಣ್ಣು ತಣ್ಣಗಿದ್ದರೆ ಮಾತ್ರ ಪುಡಿ ಶೀಶೆಗಳಿಗೆ ಇಳಿಯುತ್ತಿತ್ತು.

ಅಪ್ಪನ ಹೆಸರು ಇಮಾಮಸಾಬ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಸಂತೆಗಳಲ್ಲಿ ಅವನು ಸುರ್ಮಾದ ಇಮಾಮಸಾಬ. ಮನೆಮಾತು ಕನ್ನಡ. ಒಂದು ತಗಡಿನ ಪೆಟ್ಟಿಗೆಯಲ್ಲಿ ಅತ್ತರು, ಸುರ್ಮಾ, ಜಪಮಣಿ, ಉಂಗುರಕ್ಕೆ ಕೂಡಿಸುವ ಹಕೀಕಿನ ಹರಳು ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಸುರ್ಮಾದ ಕಲ್ಲು ಮುಂಬಯಿಯಿಂದ ವಿಜಾಪುರದ ಒಬ್ಬ ಸಾಹುಕಾರನ ಅಂಗಡಿಗೆ ಬಂದರೆ ಅಲ್ಲಿಂದ ತರಬೇಕು. ಹಕೀಕು ಮಾತ್ರ ನಮ್ಮದೇ ನೆಲದ್ದು. ಮಳೆ ಬಂದು ಹೋದ ಮೇಲೆ ಇಂಗಳೇಶ್ವರದ ಗುಡ್ಡದ ಇಳಿಜಾರಿನಲ್ಲಿ, ಕನ್ನೊಳ್ಳಿಯ ಕಡೆಯ ಎರೆಹೊಲಗಳಲ್ಲಿ ತೊಳೆದಿಟ್ಟ ಹಾಗೆ ಹೊಳೆಯುತ್ತ ಬಿದ್ದಿರುತ್ತಿತ್ತು. ಅದನ್ನು ಆಯಲು ಅಪ್ಪ ನನ್ನನ್ನು ಕರೆದೊಯ್ಯುತ್ತಿದ್ದ. ನಾನು ಒಬ್ಬಳೇ ಮಗಳು, ಬೀಬಿಜಾನ್; ಅವನ ಬಾಯಲ್ಲಿ ಬೀಬೂ. ಕಲ್ಲನ್ನು ಹೇಗೆ ಕೇಳಬೇಕು ಎಂದು ಅವನೇ ಕಲಿಸಿದ. ಕೈಯಲ್ಲಿ ತೂಗಿ ನೋಡು, ಉಗುರಿನಿಂದ ಗೀರು, ಒಡೆದು ಒಳಮೈ ನೋಡು. ಸುರ್ಮಾದ ಕಲ್ಲಾದರೆ ಇನ್ನೂ ಒಂದು ಪರೀಕ್ಷೆ ಇತ್ತು. ಅದೇ ಬಣ್ಣದ, ಅದೇ ಹೊಳಪಿನ ಕಬ್ಬಿಣದ ಕಲ್ಲನ್ನು ಬೆರೆಸಿ ಮಾರುವ ಮೋಸಗಾರರಿದ್ದರು. ಅದಕ್ಕೆ ಚುಂಬಕಕ್ಕೆ ತಿಕ್ಕಿದ ಒಂದು ಸೂಜಿಯನ್ನು ಅಪ್ಪ ರೇಷ್ಮೆ ದಾರಕ್ಕೆ ಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದ.

“ಸೂಜಿ ಇಳಿಬಿಟ್ಟು ಬಾಜೂಕ ಕಲ್ಲ ಹಿಡಿ. ಸೂಜಿ ಅಲುಗಲಿಲ್ಲಂದ್ರ ಸುರ್ಮಾ. ಕಲ್ಲಿನ ಕಡೆ ಮಾರಿ ತಿರುವಿತಂದ್ರ ಕಬ್ಬಿಣ. ಕಬ್ಬಿಣ ಕಣ್ಣಿಗೆ ವೈರಿ, ತಿಳೀತಿಲ್ಲ?”

“ತಿಳೀತು ಯಪ್ಪಾ.”

ನನಗೆ ಹತ್ತು ತುಂಬುವ ಹೊತ್ತಿಗೆ ಅಪ್ಪ ಸೂಜಿಯನ್ನು ನೋಡುವ ಕೆಲಸವನ್ನು ಪೂರ್ತಿ ನನಗೇ ಬಿಟ್ಟಿದ್ದ. ಮೊದಮೊದಲು ಇದು ಅವನು ನನಗೆ ಕೊಟ್ಟ ಮರ್ಯಾದೆ ಅಂತಲೇ ಹಿಗ್ಗಿದೆ. ಆಮೇಲೆ ಒಂದು ದಿನ ಸಿಂದಗಿ ಸಂತೆಯಲ್ಲಿ ಗುಲಾಬಿ ಅತ್ತರು ಕೇಳಿದವರಿಗೆ ಅವನು ಖಸ್ಸಿನ, ಅಂದರೆ ಲಾವಂಚದ, ಶೀಶೆ ಕೊಟ್ಟ. ನಾನು ಬದಲಿಸಿ ಕೊಟ್ಟೆ. ಬರುವಾಗ ಮೋಟಾರಿನಲ್ಲಿ ಕಿವಿಯ ಹತ್ತಿರ ಬಾಗಿ ಹೇಳಿದ:

“ಎಡಗಣ್ಣಿಗೆ ಪೊರಿ ಬಂದೈತಿ, ಬೀಬೂ. ಬಲಗಣ್ಣು ಸ್ವಲ್ಪ ಮಂಜು. ಮನ್ಯಾಗ ಹೇಳಬ್ಯಾಡ. ಸುರ್ಮಾ ಮಾರಾವ್ನ ಕಣ್ಣ ಹೋದ್ವು ಅಂತ ಸಂತ್ಯಾಗ ಗೊತ್ತಾತಂದ್ರ ಮುಗೀತು. ನಕ್ಕೋಂತ ಮುಂದ ಹೋಗ್ತಾರ.”

ಅಂದಿನಿಂದ ನಾನು ಅವನ ಕಣ್ಣು. ಶೀಶೆಗಳನ್ನು ಒಂದು ಕ್ರಮದಲ್ಲಿ ಜೋಡಿಸಿಕೊಟ್ಟೆ. ಎಡಗಡೆಯಿಂದ ಮೂರನೆಯದು ಮಲ್ಲಿಗೆ, ಐದನೆಯದು ಖಸ್ಸು. ಆಣೆ ಹೋಗಿ ನಯಾಪೈಸೆ ಬಂದ ಹೊಸತು. ನಾಣ್ಯ ನೋಡಿ ಹೇಳುವುದೂ ನಾನೇ. ಗುಟ್ಟೊಂದನ್ನು ಅಪ್ಪನ ಜೊತೆ ಹಂಚಿಕೊಂಡ ಸಂಭ್ರಮದಲ್ಲಿ ಅವನ ಕಣ್ಣು ಹೋಗುತ್ತಿದೆ ಎಂಬ ದುಃಖವೇ ನನಗೆ ಆಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆ ಎರಡು ವರ್ಷ ನನ್ನಷ್ಟು ಸುಖಿ ಬಾಗೇವಾಡಿಯಲ್ಲಿ ಯಾರೂ ಇರಲಿಲ್ಲ.

ನನ್ನ ಸುಖಕ್ಕೆ ಒಬ್ಬಳೇ ಶತ್ರು, ಆಯಿ. ಅಪ್ಪನ ಅವ್ವ. ತಲೆಬಾಗಿಲ ಒಳಗೆ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತ ಇಡೀ ಓಣಿಯ ತೀರ್ಪು ಅಲ್ಲಿಂದಲೇ ಹೇಳುತ್ತಿದ್ದಳು. ನನಗೆ ಹನ್ನೆರಡು ನಡೆಯುತ್ತಿದ್ದಂತೆ ಅವಳ ಅಡಕೊತ್ತಿನ ಸದ್ದು ಜೋರಾಯಿತು. ಊಟಕ್ಕೆ ಕೂತಾಗೆಲ್ಲ ಅದೇ ಜಗಳ.

“ಬೆಳದ ಹುಡುಗಿನ ಕರಕೊಂಡು ಹಳ್ಳಕೊಳ್ಳ ತಿರಗತೀಯಲ್ಲೋ ಇಮಾಮ್, ನಿನಗ ಖಬರ್ ಐತೇನು? ಕಲ್ಲ ಆರಿಸಾಕ ಅಕಿನ ಬೇಕೇನು? ರಮಜಾನ್ ಆತಂದ್ರ ಸಾಕು, ಆಮ್ಯಾಗ ಅಕಿ ಹೊಸ್ತಿಲ ದಾಟಂಗಿಲ್ಲ.”

“ಅಕಿ ಇಲ್ಲಂದ್ರ ನನ್ನ ಕೆಲಸ ನಡೆಯೂದಿಲ್ಲ ಯವ್ವಾ.”

“ಯಾಕ ನಡೆಯೂದಿಲ್ಲ? ನಿನಗೇನು ಕಣ್ಣ ಇಲ್ಲೇನು?”

ಅಪ್ಪ ತಾಟಿನಲ್ಲಿ ರೊಟ್ಟಿ ಮುರಿಯುತ್ತಿದ್ದ. ನಾನು ಅವನ ಮುಖ ನೋಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಆಯಿಯೇ ನನ್ನನ್ನು ಅವನ ಜೊತೆ ಕಳಿಸುತ್ತಿದ್ದಳು. ಆ ಮಾತನ್ನು ಅವನು ಹೇಳಲಾರ, ನಾನು ಹೇಳಬಾರದು. ಅವ್ವ ಎಲ್ಲರ ತಾಟಿಗೂ ಸಾರು ಹಾಕುತ್ತ ಯಾರ ಪರವೂ ಮಾತಾಡದೆ ಓಡಾಡುತ್ತಿದ್ದಳು. ಅವಳ ಸ್ವಭಾವವೇ ಹಾಗೆ, ಜಗಳ ನಡೆದ ಕಡೆ ಅವಳು ಸೌಟು ಹಿಡಿದುಕೊಂಡು ನಿಲ್ಲುತ್ತಿದ್ದಳು.

ಆ ವರ್ಷ ರಮಜಾನಿಗೆ ಇನ್ನೂ ಒಂದೂವರೆ ತಿಂಗಳಿತ್ತು. ವಿಜಾಪುರದ ಸಾಹುಕಾರನ ಹತ್ತಿರ ಸುರ್ಮಾದ ಕಲ್ಲು ಬಂದಿರಲಿಲ್ಲ. ಹಬ್ಬಕ್ಕೆ ಸುರ್ಮಾ ಇಲ್ಲದೆ ಸಂತೆಗೆ ಹೋಗುವುದು ಹೇಗೆ ಎಂದು ಅಪ್ಪ ಒದ್ದಾಡುತ್ತಿದ್ದ. ಮುದ್ದೇಬಿಹಾಳದ ಸಂತೆ ಮುಗಿಸಿ, ಗುರುತಿನ ರೈತನೊಬ್ಬನ ಹೊಲಕ್ಕೆ ಹೋಗಿದ್ದೆವು. ಅಲ್ಲಿ ಹೊಸ ಬಾವಿ ತೋಡಿ ಕಲ್ಲುಗಳನ್ನು ದಂಡೆಯ ಮೇಲೆ ಒಟ್ಟಿದ್ದರು. ಅಪ್ಪ ರೈತನ ಜೊತೆ ಬೇವಿನ ಗಿಡದ ಬುಡದಲ್ಲಿ ಚಹಾ ಕುಡಿಯುತ್ತಿದ್ದ. ನಾನು ಕಲ್ಲಿನ ಗುಡ್ಡೆ ಹತ್ತಿದೆ. ಬಿಳಿಯ ಬೆಣಚುಕಲ್ಲಿನ ನಡುವೆ ಸಿಕ್ಕಿಕೊಂಡು, ತೆಂಗಿನಕಾಯಿ ಗಾತ್ರದ ಒಂದು ಕರಿ ಕಲ್ಲು. ಬಿಸಿಲಿಗೆ ಅದರ ಮೈಯ ಸಣ್ಣ ಸಣ್ಣ ಮುಖಗಳು ಮಿಂಚಿದವು. ಎತ್ತಿದರೆ ಆ ಗಾತ್ರಕ್ಕೆ ಮೀರಿದ ಭಾರ. ಮುಂಬಯಿಯಿಂದ ಬರುವ ಕಲ್ಲು ನಮ್ಮ ಸೀಮೆಯಲ್ಲೇ ಸಿಕ್ಕಿತು, ಅದೂ ನನಗೆ. ಇನ್ನು ಆಯಿ ನನ್ನನ್ನು ಹೇಗೆ ಕೂಡಿಹಾಕುತ್ತಾಳೆ ನೋಡೋಣ ಎಂದುಕೊಂಡೆ.

ಮನೆಗೆ ತಂದು ಪಡಸಾಲೆಯಲ್ಲಿ ಇಟ್ಟೆವು. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂಸನ್ನು ಸವರುವ ಹಾಗೆ ಸವರಿದ. ಸುತ್ತಿಗೆಯಿಂದ ಒಂದು ಚೂರು ಒಡೆದ. ಉಗುರಿನಿಂದ ಗೀರಿದ, ಗೀರು ಬೀಳಲಿಲ್ಲ.

“ಗಟ್ಟಿ ಐತಿ. ನಮ್ಮ ಕಲ್ಲು ಇಷ್ಟು ಗಟ್ಟಿ ಇರೂದಿಲ್ಲ. ಆದ್ರ ಭಾರ ಐತಿ, ಮಿಂಚೂ ಐತಿ ಅಂತಿ. ಸೂಜಿ ತಾ, ಬೀಬೂ.”

ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ನೆಲಕ್ಕೆ ಬಿದ್ದಿತ್ತು. ಅದರಲ್ಲಿ ಸೂಜಿ ಇಳಿಬಿಟ್ಟೆ. ಅಪ್ಪ ಎದುರಿಗೆ, ಆಯಿ ಕಟ್ಟೆಯ ಮೇಲೆ, ಅವ್ವ ಅಡುಗೆಮನೆಯ ಬಾಗಿಲಲ್ಲಿ. ಸೂಜಿ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತೂಗಾಡಿ ನಿಂತಿತು. ಎಡಗೈಯಲ್ಲಿ ಕಲ್ಲಿನ ಚೂರನ್ನು ಮೆಲ್ಲಗೆ ಹತ್ತಿರ ತಂದೆ. ಸೂಜಿ ತಿರುಗಿತು. ಅವಸರವಿಲ್ಲದೆ, ಕರೆದರೆ ಹೊರಳಿ ನೋಡುವವರ ಹಾಗೆ, ಕಲ್ಲಿನ ಕಡೆಗೆ ಮುಖ ಮಾಡಿ ನಿಂತಿತು. ದಾರ ಹಿಡಿದ ಬೆರಳಿಗೆ ಗೊತ್ತಾಗುವಷ್ಟು ಜೋರು ಅದಕ್ಕಿರಲಿಲ್ಲ. ಕಣ್ಣಿಗೆ ಮಾತ್ರ ಕಾಣುವಂಥದ್ದು.

“ಏನಾತು?” ಎಂದ ಅಪ್ಪ.

ನಾನು ಅವನ ಕಣ್ಣು ನೋಡಿದೆ. ಅವು ಸೂಜಿಯ ಕಡೆಗೇ ಇದ್ದವು, ಆದರೆ ಸೂಜಿಗಿಂತ ಒಂದು ಗೇಣು ಆಚೆ ನೋಡುತ್ತಿದ್ದವು.

“ಅಲುಗಲಿಲ್ಲ ಯಪ್ಪಾ,” ಎಂದೆ.

ಹನ್ನೆರಡು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎಂದು ನನ್ನನ್ನು ಸಮಾಧಾನ ಮಾಡಿದವರಿದ್ದಾರೆ. ಎಲ್ಲ ತಿಳಿಯುತ್ತದೆ. ಕಬ್ಬಿಣ ಕಣ್ಣಿಗೆ ವೈರಿ ಎಂಬುದು ತಿಳಿದಿತ್ತು, ಮೊದಲ ಸಲಾಯಿ ಯಾರ ಕಣ್ಣಿಗೆ ಹೋಗುತ್ತದೆ ಎಂಬುದೂ ತಿಳಿದಿತ್ತು. ಸ್ವಲ್ಪ ಕಬ್ಬಿಣ ಇದ್ದರೆ ಏನಾದೀತು, ಅಪ್ಪ ನುಣ್ಣಗೆ ಅರೆಯುತ್ತಾನೆ, ಸುಮ್ಮನೆ ಹೆದರಿಸಲು ಹಾಗೆ ಹೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆಯಿ ಹತ್ತಿರ ಕರೆದು ನನ್ನ ಎರಡೂ ಕೆನ್ನೆಗೆ ಕೈಯಿಟ್ಟು ನೆಟಿಕೆ ಮುರಿದಳು. ಬೆಲ್ಲ ಕೊಟ್ಟಳು. “ಆಗಲಿ, ಇನ್ನೊಂದ ವರ್ಷ ಅಡ್ಡಾಡಲಿ,” ಎಂದು ಅಪ್ಪನಿಗೆ ಹೇಳಿದಳು. ನಾನು ಗೆದ್ದಿದ್ದೆ.

ಆ ಸಲ ಅರೆಯುವುದು ಏಳು ದಿನಕ್ಕೆ ಮುಗಿಯಲಿಲ್ಲ, ಹದಿನೈದು ದಿನ ನಡೆಯಿತು. ಅವ್ವನ ಸೀರೆಯ ಕೆಳಗೆ ಅಪ್ಪ ಬೆವರಿಳಿಸುತ್ತ ಅರೆದ, ಖಲಬತ್ತವೇ ಸವೆಯಿತು. ಹದಿನೈದು ದಿನ ಮನೆಯಲ್ಲಿ ಕಸ ಗುಡಿಸಲಿಲ್ಲ, ಖಾರ ಕುಟ್ಟಲಿಲ್ಲ. ಪ್ರತಿದಿನ ಸಂಜೆ ಅಪ್ಪ ಪುಡಿಯನ್ನು ಬೆರಳಲ್ಲಿ ಉಜ್ಜಿ, “ಇನ್ನ ಆಗಿಲ್ಲ,” ಎನ್ನುತ್ತಿದ್ದ. ನಾನು ಪ್ರತಿದಿನ, ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಮಲಗುತ್ತಿದ್ದೆ. ಹದಿನಾರನೆಯ ದಿನ ಅವನ ಬೆರಳು ಒಪ್ಪಿತು. ಶುಕ್ರವಾರ ಜಳಕ ಮಾಡಿ ಬಿಳಿ ಅಂಗಿ ತೊಟ್ಟು ಬಂದು ಕೂತ. ಸಲಾಯಿಯನ್ನು ನಾನೇ ಅದ್ದಿ ಕೊಟ್ಟೆ. ಬಿಸ್ಮಿಲ್ಲಾ ಎಂದು ಬಲಗಣ್ಣಿಗೆ ಎಳೆದುಕೊಂಡ. ಕಣ್ಣು ಮುಚ್ಚಿ, ಒಂದು ಗಳಿಗೆ ಹಾಗೇ ಕೂತ.

“ಸ್ವಲ್ಪ ಉರಿ ಐತಿ,” ಎಂದ. “ಕಲ್ಲು ಹೊಸಾದು ಐತಲ್ಲ, ಇರ್ತೈತಿ.”

ಸಂಜೆಗೆ ಕಣ್ಣು ಕೆಂಪಾಯಿತು. ಆಯಿ ಗುಲಾಬಿ ನೀರಿನ ಅರಳೆ ಇಟ್ಟಳು, ಮರುದಿನ ಓಣಿಯ ಬಾಣಂತಿಯ ಹಾಲು ತಂದು ಬಿಟ್ಟಳು. ಅಪ್ಪ ಉಜ್ಜಬಾರದು ಎಂದು ಅವನ ಕೈಗಳನ್ನು ಅವ್ವ ಹಿಡಿದುಕೊಂಡು ಕೂರುತ್ತಿದ್ದಳು. ನಾಲ್ಕನೆಯ ದಿನ ರೆಪ್ಪೆ ತೆಗೆದರೆ ಕೀವು. ಕೇಳಿದವರಿಗೆಲ್ಲ ಅವನು ಹೊಲದಲ್ಲಿ ಜಾಲಿಯ ಮುಳ್ಳು ಬಡಿಯಿತು ಎಂದೇ ಹೇಳಿದ. ವಿಜಾಪುರದ ದೊಡ್ಡ ದವಾಖಾನೆಗೆ ಒಯ್ಯುವ ಹೊತ್ತಿಗೆ ತಡವಾಗಿತ್ತು. ಕಣ್ಣಿನ ಕಪ್ಪುಗುಡ್ಡೆಯೇ ಹುಣ್ಣಾಗಿದೆ, ಈ ಕಣ್ಣು ಉಳಿಯುವುದಿಲ್ಲ ಎಂದರು ಡಾಕ್ಟರರು. ಎಡಗಣ್ಣಿಗೆ ಬೆಳಕು ಬಂದದ್ದು ಹೋದದ್ದು ಗೊತ್ತಾಗುವಷ್ಟು ಮಾತ್ರ ದೃಷ್ಟಿ ಇತ್ತು. ಎರಡು ವರ್ಷದಿಂದ ನಾನು ಕಾಪಾಡಿಕೊಂಡು ಬಂದ ಗುಟ್ಟು ದವಾಖಾನೆಯ ಜಗುಲಿಯಲ್ಲಿ ಎಲ್ಲರೆದುರು ಹೊರಬಿತ್ತು. ಆಯಿ ಎದೆ ಬಡಿದುಕೊಂಡು ಅತ್ತಳು. ಅವ್ವ ನನ್ನನ್ನು ನೋಡಿದಳು.

ಮನೆಗೆ ಬಂದ ಮೇಲೆ, ಒಂದು ಬೆಳಗ್ಗೆ, ಅಪ್ಪ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಪಡಸಾಲೆಯಲ್ಲಿ ಕೂತು ನನ್ನನ್ನು ಕರೆದ. ಉಳಿದ ಕಲ್ಲು ಅವನ ತೊಡೆಯ ಮೇಲಿತ್ತು.

“ಸೂಜಿ ತಾ, ಬೀಬೂ. ಇನ್ನೊಮ್ಮೆ ಇಳಿಬಿಡು.”

ಇಳಿಬಿಟ್ಟೆ. ಸೂಜಿ ಬಹಳ ಹೊತ್ತು ನಿಲ್ಲಲೊಲ್ಲದು. ಕೊನೆಗೆ ನಿಂತಿತು. ಕಲ್ಲು ಹತ್ತಿರ ಬಂತು. ಮತ್ತೆ ಹಾಗೆಯೇ, ಅವಸರವಿಲ್ಲದೆ, ತಿರುಗಿತು.

“ಏನಾತವ್ವ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಸುಳ್ಳೇ ಇರಬೇಕು.

“ಅಲುಗಲಿಲ್ಲ.”

ಅಪ್ಪ ಕೈ ಚಾಚಿ ನನ್ನ ತಲೆ ಹುಡುಕಿ ಮುಟ್ಟಿದ.

“ಹಂಗಾರ ಕಲ್ಲಿಂದಲ್ಲ. ನನ್ನ ಕೈದು ತಪ್ಪು. ಅರಿಯೂದು ಎಲ್ಲೋ ಕಡಿಮಿ ಬಿತ್ತು.”

ಆ ಮಾತಿಗೆ ನಾನು ಅಂದೇ ಒಂದು ಅರ್ಥ ಕಟ್ಟಿಕೊಂಡೆ. ಅಪ್ಪನಿಗೆ ಎಲ್ಲ ಗೊತ್ತಾಗಿದೆ. ನನ್ನನ್ನು ಉಳಿಸಲು ತಪ್ಪನ್ನು ತನ್ನ ಕೈ ಮೇಲೆ ಹಾಕಿಕೊಂಡಿದ್ದಾನೆ. ತಲೆ ಮುಟ್ಟಿದ್ದು ಕ್ಷಮಿಸಿದ್ದಕ್ಕೆ ಗುರುತು. ಹೀಗೆಂದು ನಂಬಿದ್ದರಿಂದಲೇ ಆ ಮನೆಯಲ್ಲಿ ಉಂಡು, ಮಲಗಿ, ದೊಡ್ಡವಳಾಗಲು ನನಗೆ ಸಾಧ್ಯವಾಯಿತು. ಅಪ್ಪ ಸುರ್ಮಾ ಮಾಡುವುದನ್ನು ಬಿಟ್ಟ. ಖಲಬತ್ತವನ್ನು ಅವ್ವ ಖಾರ ಅರೆಯಲು ಇಟ್ಟುಕೊಂಡಳು. ಮನೆಯಲ್ಲಿ ಎಲ್ಲ ದಿನವೂ ಕಸ ಗುಡಿಸುವ ದಿನಗಳಾದವು. ಬರೀ ಅತ್ತರು, ಜಪಮಣಿಯ ಪೆಟ್ಟಿಗೆ ಹೊತ್ತು ನಾವಿಬ್ಬರೂ ಸಂತೆಗೆ ಹೋಗುತ್ತಿದ್ದೆವು, ಅವನ ಕೈ ನನ್ನ ಹೆಗಲ ಮೇಲೆ. ಆಯಿ ಮತ್ತೆಂದೂ ಹೊಸ್ತಿಲ ಮಾತು ಎತ್ತಲಿಲ್ಲ. ನಾನು ಬೇಡಿಕೊಂಡದ್ದು ಪೂರ್ತಿಯಾಗಿ ನನಗೆ ಸಿಕ್ಕಿತು. ಇಂಡಿಯ ಸಂತೆಯಲ್ಲಿ ಗಿರಾಕಿ ಇಲ್ಲದ ಹೊತ್ತು ಅಪ್ಪ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜುತ್ತ ಕೂರುತ್ತಿದ್ದ. ಜಪ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ.

ಸಂತೆಗೆ ಹೋಗದ ದಿನ ಸಾಲಿಗೆ ಹೋದೆ, ಓದಿದೆ, ಶಿಕ್ಷಕಿಯಾದೆ. ವಿಜ್ಞಾನ ಕಲಿಸಿದೆ. ಮಕ್ಕಳು ಪ್ರಯೋಗದ ವಹಿಯಲ್ಲಿ ಪಕ್ಕದವರದು ನೋಡಿ ಬರೆದರೆ ಇಡೀ ಸಾಲೆಯಲ್ಲಿ ನನ್ನಷ್ಟು ಸಿಡುಕುವವರು ಇರಲಿಲ್ಲ. ಕಂಡದ್ದನ್ನೇ ಬರೆಯಿರಿ ಎಂದು ಬೆಂಚು ಗುದ್ದುತ್ತಿದ್ದೆ. ಹಿಂದಿನಿಂದ ಅವರು ನನಗೆ ಏನು ಹೆಸರಿಟ್ಟಿದ್ದರು ಎಂಬುದೂ ಗೊತ್ತು. ಒಮ್ಮೆ ತರಬೇತಿ ಶಿಬಿರಕ್ಕೆ ಭೂವಿಜ್ಞಾನದ ಮೇಷ್ಟ್ರೊಬ್ಬರು ಬಂದಿದ್ದರು. ಅಂದಿನಿಂದ ಉಳಿಸಿಕೊಂಡಿದ್ದ ಆ ಕರಿ ಕಲ್ಲಿನ ಚೂರನ್ನು ಅವರ ಮುಂದೆ ಇಟ್ಟೆ. ಅವರು ಜೇಬಿನಿಂದ ಚುಂಬಕ ತೆಗೆದರು, ಟಕ್ಕನೆ ಅಂಟಿತು. “ಮ್ಯಾಗ್ನೆಟೈಟ್. ಕಬ್ಬಿಣದ ಅದಿರು. ಇದಕ್ಕ ದೊಡ್ಡ ಪರೀಕ್ಷೆ ಏನೂ ಬೇಕಾಗಿಲ್ಲ ನೋಡ್ರಿ ಬಾಯಾರ,” ಎಂದು ನಕ್ಕರು. ಅಸಲಿ ಸುರ್ಮಾದ ಕಲ್ಲಿನಲ್ಲೂ ಸೀಸ ಇರುತ್ತದೆ, ಅದೂ ಕಣ್ಣಿಗೆ ಒಳ್ಳೆಯದಲ್ಲ ಎಂದು ಅವರೇ ಹೇಳಿದರು. ಆ ಮಾತು ಹಿಡಿದುಕೊಂಡು ಸ್ವಲ್ಪ ದಿನ ಹಗುರಾಗಲು ನೋಡಿದೆ. ಆಗಲಿಲ್ಲ.

ಅಷ್ಟೊತ್ತಿಗೆ ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವನಿಗೆ ಗೊತ್ತಿತ್ತಲ್ಲ, ಬಾಯಿಬಿಟ್ಟು ಹೇಳದಿದ್ದರೇನು ಎಂಬ ನಂಬಿಕೆಯೊಂದೇ ಉಳಿದಿತ್ತು. ಅವ್ವ ಹಣ್ಣಾಗಿದ್ದಳು. ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತ ಹಿಂದೆ ಕೂತಿದ್ದೆ. ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಹೇಳಲು ಆಯಿತು. ಸೂಜಿಯ ಮಾತು ಪೂರ್ತಿ ಹೇಳಿದೆ.

“ನನಗ ಗೊತ್ತೈತಿ,” ಎಂದಳು ಅವ್ವ. “ಬಾಗಲಾಗ ನಿಂತಿದ್ದೆ. ಸೂಜಿ ತಿರುಗಿದ್ದು ಕಂಡಿತ್ತು. ಅದರ ಅರ್ಥ ನನಗೇನು ಗೊತ್ತು ಆವಾಗ.”

“ಅಪ್ಪಗೂ ಗೊತ್ತಿತ್ತು, ಅಲ್ಲೇನವ್ವ?”

ಹಣಿಗೆ ಹಿಡಿದ ನನ್ನ ಕೈ ಅಲ್ಲೇ ನಿಂತಿತ್ತು.

“ದವಾಖಾನಿಯಿಂದ ಬಂದ ಮ್ಯಾಲೆ ನಿನ್ನ ಕೇಳಿದ್ರಲ್ಲ, ಅವತ್ತ ನೀ ಸಾಲಿಗೆ ಹೋದ ಕೂಡ್ಲೆ ನನ್ನ ಕರದ್ರು. ‘ಕೂಸು ಸೂಜಿ ನಿಲ್ಲಸಾಕ ಭಾಳ ಹೊತ್ತ ಮಾಡ್ತು, ನೀ ಒಮ್ಮೆ ಹಿಡಿ, ನೋಡಿ ಹೇಳು’ ಅಂದ್ರು. ಸೂಜಿ ಹಿಡದೆ. ತಿರುಗಿತು.”

“ನೀ ಏನಂದಿ?”

“ಅಲುಗಲಿಲ್ಲ ಅಂದೆ. ನೀ ಮೊದ್ಲ ಹಂಗ ಹೇಳಿದ್ದಿ. ನಾ ಬ್ಯಾರೆ ಹೇಳಿದ್ರ ನೀ ಅವ್ರ ಮುಂದ ಹೆಂಗ ನಿಲ್ತಿದ್ದಿ? ಇರೂದ ಒಬ್ಬಾಕಿ ಮಗಳು. ಅವ್ರು ನಂಬಿದ್ರು. ಆಮ್ಯಾಲ ಎಂದೂ ಕೇಳಲಿಲ್ಲ. ಬರೇ ಬೆರಳ ಉಜ್ಜಕೋತ ಕುಂಡ್ರತಿದ್ರು. ‘ಎಲ್ಲಿ ಕಡಿಮಿ ಬಿತ್ತಲೇ, ಹದಿನೈದ ದಿನ ಅರದೇನಿ’ ಅಂತಿದ್ರು. ಸಾಯೂ ಮುಂದನೂ ಅದನ್ನ ಕೇಳಿದ್ರು.”

ಅಪ್ಪ ಸಾಯುವ ದಿನ ನಾನೂ ಪಕ್ಕದಲ್ಲೇ ಇದ್ದೆ. ಹಾಸಿಗೆಯ ಮೇಲೆ ಅವನ ಬಲಗೈಯ ಎರಡು ಬೆರಳು ಒಂದನ್ನೊಂದು ಮೆಲ್ಲಗೆ ಉಜ್ಜುತ್ತಿದ್ದವು. ಕಲಿಮಾ ಹೇಳಿಕೊಳ್ಳುತ್ತಿದ್ದಾನೆ ಎಂದು ಬಂದವರಿಗೆಲ್ಲ ನಾನೇ ಹೇಳಿದ್ದೆ.